ಪಿಂಡರ್ ಸಾಹೇಬರ ಮನೆತನ ಮತ್ತು ಒಂದು ಒಂಟೆ

ಸೌದಿಗೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವುದು ಚಿನ್ನ ಎಷ್ಟು ತಂದಿರಿ ಎಂದು. ಆಮೇಲೆ ಕೇಳುವುದು ಅಲ್ಲಿ ಸೆಕೆ ಹೇಗೆ ಎಂದು. ಎರಡಕ್ಕೂ ನನ್ನ ಉತ್ತರದಿಂದ ಯಾರಿಗೂ ತೃಪ್ತಿಯಾದಂತೆ ಕಾಣಲಿಲ್ಲ. ಬೇಸಿಗೆ ರಜೆ ಪೂರ್ತಿ ಅಲ್ಲಿದ್ದು ನಾನು ಸರಿಯಾಗಿ ನೋಡಿ ಬಂದದ್ದು ಒಂದು ಒಂಟೆಯನ್ನು, ಮತ್ತು ಒಬ್ಬರು ಇಂಗ್ಲಿಷ್ ಸಾಹೇಬರ ಮನೆತನದ ಹೆಸರನ್ನು. ಹೆಸರನ್ನು ನೋಡುವುದೆಂದರೆ ಹೇಗೆ ಎಂದು ಕೇಳಬೇಡಿ, ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ.

ಜಿದ್ದಾ

ನಾನು ಮೂಡುಬಿದಿರೆಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಮ್ಮವರು ರಾಬಿಗ್ ಎಂಬಲ್ಲಿ, ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ ಕಟ್ಟುತ್ತಿದ್ದ ಕಡೆ, ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಅವರು ಊರಿಗೆ ಬಾರದೆ ಎರಡು ವರ್ಷ ಆಗಿತ್ತು. ಈ ಸಲ ನೀನೇ ಬಾ ಎಂದು ವೀಸಾ ಕಳಿಸಿದ್ದರು. ಹಾಗೆ ನಾನು ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ಇಂಗು ಕಟ್ಟಿಕೊಂಡು ಬೊಂಬಾಯಿಯಿಂದ ವಿಮಾನ ಹತ್ತಿದೆ.

ಜಿದ್ದಾದ ಕಸ್ಟಮ್ಸಿನವನು ಅಕ್ಕಿಗೆ ತಲೆಯಾಡಿಸಿದ, ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟ. ಇಂಗಿನ ಡಬ್ಬಿಯ ಮುಚ್ಚಳ ತೆಗೆದವನು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ. ಪಕ್ಕದವನನ್ನು ಕರೆದ. ಅವನು ಮೂಸಿ ಸೀನಿದ. ಮೂರನೆಯವನು ಮೂಸದೆಯೇ ನನ್ನನ್ನು ಕೆಟ್ಟದಾಗಿ ನೋಡಿದ. ಅಡುಗೆಗೆ ಹಾಕುವುದು ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಹೇಳಿದರೆ, ಇಂಥ ವಾಸನೆಯನ್ನು ಯಾರಾದರೂ ಬೇಕೆಂದೇ ಅನ್ನಕ್ಕೆ ಹಾಕಿಕೊಳ್ಳುತ್ತಾರೆ ಎಂದು ನಂಬಲು ಅವರು ತಯಾರಿರಲಿಲ್ಲ. ಕೊನೆಗೆ ನೆಲ ಒರೆಸುತ್ತಿದ್ದ ಹೈದರಾಬಾದಿನವನೊಬ್ಬ ಬಂದು, ಹೊಟ್ಟೆ ಸವರಿಕೊಂಡು ಮುಖ ಕಿವಿಚಿ, ಇದು ಮದ್ದು ಎಂದು ಅರಬ್ಬಿಯಲ್ಲಿ ತಿಳಿಸಿದ. ತಕ್ಷಣ ಮೂವರ ಮುಖವೂ ಮೆತ್ತಗಾಯಿತು. ಒಬ್ಬ ಕುರ್ಚಿ ತಂದ, ಇನ್ನೊಬ್ಬ ನನ್ನ ಪೆಟ್ಟಿಗೆ ಕಟ್ಟಿಕೊಟ್ಟ. ಹೀಗೆ ನಾನು ಸೌದಿ ಅರೇಬಿಯಾವನ್ನು ಹೊಟ್ಟೆನೋವಿನ ರೋಗಿಯಾಗಿ ಪ್ರವೇಶಿಸಿದೆ.

ಹೊರಗೆ ನಮ್ಮವರ ಜೊತೆ ಕಂಪೆನಿಯ ವ್ಯಾನ್ ಓಡಿಸುವ ಹಮೀದ್ ನಿಂತಿದ್ದ. ಬಂಟ್ವಾಳದ ಕಡೆಯ ಬ್ಯಾರಿ ಹುಡುಗ. ವ್ಯಾನು ಊರು ದಾಟುವುದರೊಳಗೆ ಅವನ ಅಜ್ಜ ನನ್ನ ತಾಯಿಮನೆಗೆ ಒಣಮೀನು ಮಾರುತ್ತಿದ್ದದ್ದು ಗೊತ್ತಾಯಿತು, ಅವನು ನನ್ನನ್ನು ಅಕ್ಕ ಎಂದ, ನಾನು ಅವನನ್ನು ಏಕವಚನದಲ್ಲಿ ಕರೆದೆ. ನಮ್ಮವರು ಎರಡು ವರ್ಷ ಅವನ ಪಕ್ಕದಲ್ಲಿ ಕೂತು ಓಡಾಡಿದ್ದರೂ ಅವನಿಗೊಬ್ಬ ಅಜ್ಜ ಇದ್ದನೆಂದೇ ಅವರಿಗೆ ತಿಳಿದಿರಲಿಲ್ಲ.

ದಾರಿಯುದ್ದಕ್ಕೂ ಹಮೀದ್ ಹೇಳಿದ್ದು ತನ್ನ ತಂಗಿ ಜುಬೇದಾಳ ಮದುವೆಯ ವಿಷಯ. ತಂದೆ ತೀರಿಹೋಗಿದ್ದರು. ತಂದೆಯ ಜಾಗದಲ್ಲಿ ಕೂತು ನಿಕಾಹ್ ಮಾಡಿಕೊಡಬೇಕಾದವನು ಇವನೇ. ಅವನ ರಜೆ ಮಂಜೂರಾಗಿತ್ತು. ನಾನು ಹಿಂತಿರುಗುವ ವಿಮಾನದಲ್ಲೇ ಅವನೂ ಬಂದು, ನನ್ನನ್ನು ಊರು ಮುಟ್ಟಿಸಿ, ತಾನು ಮದುವೆಗೆ ಹೋಗುವುದೆಂದು ಮಾತಾಗಿತ್ತು. ಪಾಸ್‌ಪೋರ್ಟು ಮಾತ್ರ ಎಲ್ಲರದ್ದೂ ಕಂಪೆನಿಯ ಕಪಾಟಿನಲ್ಲಿ. ಹೊರಡುವ ಮುಂಚೆ ಠಸ್ಸೆ ಬಿದ್ದು ಅದು ಕೈಗೆ ಬಂದರೆ ರಜೆ, ಬಾರದಿದ್ದರೆ ಇಲ್ಲ.

ರಾಬಿಗ್

ಒಂದು ಕಡೆ ಸಮುದ್ರ, ಒಂದು ಕಡೆ ಮರಳು, ನಡುವೆ ತಗಡಿನ ಗೋಡೆಯ ಬಿಳಿ ಮನೆಗಳ ಸಾಲು, ಅದೇ ಕಂಪೆನಿಯ ಕ್ಯಾಂಪು. ಸಮುದ್ರ ಕಂಡ ಕೂಡಲೇ ನನಗೆ ಊರಿಗೆ ಬಂದ ಹಾಗಾಯಿತು. ಆದರೆ ದಂಡೆಯಲ್ಲಿ ಒಂದು ತೆಂಗಿನಮರವೂ ಇಲ್ಲದ ಸಮುದ್ರವನ್ನು ಎಷ್ಟು ಹೊತ್ತು ನೋಡುವುದು?

ಪಕ್ಕದ ಮನೆಯಲ್ಲಿದ್ದವರು ಪಿಂಡರ್ ಸಾಹೇಬರು. ಯಾರ್ಕ್‌ಷೈರ್ ಎಂಬ ಸೀಮೆಯವರು. ಐವತ್ತು ದಾಟಿದ್ದರು, ಒಬ್ಬರೇ ಇದ್ದರು. ಹೆಸರು ಕೇಳಿ ನನಗೆ ಶ್ರಾದ್ಧದ ಎಲೆ ನೆನಪಾಯಿತು. ನಗಬೇಡ ಎಂದು ನಮ್ಮವರು ಮೊದಲೇ ಎಚ್ಚರಿಸಿದ್ದರು. ಕ್ಯಾಂಪಿನ ಉಗ್ರಾಣ ಮತ್ತು ಪೈಪುಗಳನ್ನು ಪೇರಿಸಿಟ್ಟ ದೊಡ್ಡ ಅಂಗಳ ಅವರ ಸುಪರ್ದಿಯಲ್ಲಿತ್ತು. ಅಂಗಳಕ್ಕೆ ತಂತಿಬೇಲಿ, ಬೇಲಿಗೆ ಗೇಟು, ಗೇಟಿಗೆ ಬೀಗ, ಬೀಗದ ಕೈ ಸಾಹೇಬರ ಸೊಂಟದಲ್ಲಿ. ಮೇಲಿನವರ ರುಜು ಇಲ್ಲದೆ ಅಲ್ಲಿಂದ ಒಂದು ಬೋಲ್ಟೂ ಹೊರಬರುತ್ತಿರಲಿಲ್ಲ. ಒಳಗೆ ಹೋದದ್ದು ಹೊರಗೆ ಬರಲಿಕ್ಕೆ ಹರಕೆ ಹೇಳಬೇಕು ಎಂದು ಕ್ಯಾಂಪಿನಲ್ಲಿದ್ದ ನಮ್ಮ ಕಡೆಯವರು ಆಡಿಕೊಳ್ಳುತ್ತಿದ್ದರು.

ನಾನು ಒಂದು ಸಂಜೆ ಹಪ್ಪಳ ಕರಿದು ಕೊಟ್ಟೆ. ಸಾಹೇಬರು ಮರುದಿನ ತಟ್ಟೆಯನ್ನು ತೊಳೆದು, ಒರೆಸಿ, ಅದರಲ್ಲಿ ಬಿಸ್ಕತ್ತು ಇಟ್ಟು ತಂದರು. ಖಾಲಿ ತಟ್ಟೆ ಹಿಂದೆ ಕೊಡಬಾರದೆಂದು ಗೊತ್ತಿರುವ ಮನುಷ್ಯ ಒಳ್ಳೆಯ ಮನೆತನದವರೇ ಇರಬೇಕು. ಕೂರಿಸಿ, ನಾವು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ: ನಿಮ್ಮದು ಯಾವ ಮನೆ, ಆ ಹೆಸರು ಹೇಗೆ ಬಂತು? ನಮ್ಮವರು ಮೇಜಿನಡಿ ನನ್ನ ಕಾಲು ಮೆಟ್ಟಿದರು. ಬಿಳಿಯರನ್ನು ಹಾಗೆಲ್ಲ ಕೇಳಬಾರದಂತೆ. ಕೇಳದೆ ಒಬ್ಬರ ಪಕ್ಕದಲ್ಲಿ ಇರುವುದಾದರೂ ಹೇಗೋ ನನಗೆ ಅರ್ಥವಾಗುವುದಿಲ್ಲ.

ಸಾಹೇಬರು ಬಿಸ್ಕತ್ತನ್ನು ಚಾದಲ್ಲಿ ಅದ್ದಿ ಬಹಳ ಹೊತ್ತು ಮುರಿಯದಂತೆ ನೋಡಿಕೊಂಡರು. ಕೊನೆಗೆ ಹೇಳಿದರು. ಇಂಗ್ಲೆಂಡಿನಲ್ಲಿ ಅಪ್ಪನ ಕಸುಬೇ ಮಕ್ಕಳ ಮೊಮ್ಮಕ್ಕಳ ಹೆಸರಾಗಿ ಉಳಿಯಿತಂತೆ. ಕಮ್ಮಾರನ ಮನೆಯವರೆಲ್ಲ ಸ್ಮಿತ್, ರೊಟ್ಟಿ ಸುಡುವವನ ಮನೆಯವರು ಬೇಕರ್. ಈಗ ಸ್ಮಿತ್ ವಕೀಲನಾಗಿರಬಹುದು, ಬೇಕರನಿಗೆ ಚಾ ಮಾಡಲಿಕ್ಕೂ ಬಾರದೆ ಇರಬಹುದು. ಪಿಂಡರ್ ಎಂದರೆ? ಹಳೆಯ ಕಾಲದಲ್ಲಿ ಅವರ ಹಳ್ಳಿಗಳಲ್ಲಿ ಕಲ್ಲಿನ ಗೋಡೆ ಕಟ್ಟಿದ ಒಂದು ಜಾಗ ಇರುತ್ತಿತ್ತಂತೆ. ಬೇಲಿ ಹಾರಿ ಗದ್ದೆಗೆ ನುಗ್ಗಿದ ದನ, ಕುರಿ, ಹಂದಿಗಳನ್ನು ಹಿಡಿದು ಅದರೊಳಗೆ ಕೂಡಿ, ಒಡೆಯ ಬಂದು ದಂಡ ಕಟ್ಟಿ ಬಿಡಿಸಿಕೊಳ್ಳುವ ತನಕ ಕಾಯುವವನೇ ಪಿಂಡರ್.

"ಅಯ್ಯೋ, ದೊಡ್ಡಿಯವನು!" ಎಂದು ನಾನು ಕನ್ನಡದಲ್ಲೇ ಹೇಳಿ ಜೋರಾಗಿ ನಕ್ಕುಬಿಟ್ಟೆ.

ನಮ್ಮೂರಿನ ದೊಡ್ಡಿಯನ್ನು ನೋಡಿದವರಿಗೆ ನನ್ನ ನಗು ಅರ್ಥವಾದೀತು. ನಮ್ಮ ಮನೆಯ ಕಪಿಲೆ ಎಂಬ ದನ ಪಂಚಾಯತಿನ ದೊಡ್ಡಿಯಲ್ಲಿ ಇದ್ದಷ್ಟು ದಿನ ನಮ್ಮ ಹಟ್ಟಿಯಲ್ಲಿ ಇರಲಿಲ್ಲ. ಬಿಡಿಸಿ ತರುವಾಗಲೆಲ್ಲ ಅಪ್ಪ ದೊಡ್ಡಿ ಕಾಯುವ ದೂಮಣ್ಣನ ಏಳು ತಲೆಮಾರನ್ನು ಬೈಯುತ್ತಿದ್ದರು. ಊರಿನಲ್ಲಿ ಮದುವೆ ಊಟಕ್ಕೆ ದೂಮಣ್ಣನ ಪಕ್ಕ ಎಲೆ ಹಾಕಿಸಿಕೊಳ್ಳುವವರು ಕಡಿಮೆ. ಆ ದೂಮಣ್ಣ ಟೈ ಕಟ್ಟಿ ನನ್ನೆದುರು ಬಿಸ್ಕತ್ತು ತಿನ್ನುತ್ತಿದ್ದಾನೆ ಎಂದರೆ ನಗದೆ ಇರುವುದು ಹೇಗೆ?

ಸಾಹೇಬರ ಕಿವಿ ಕೆಂಪಾಯಿತು. ಶಾಲೆಯಲ್ಲಿ ಮಾಸ್ತರರು ಈ ಅರ್ಥ ಹೇಳಿದ ದಿನದಿಂದ ಹುಡುಗರು ತನ್ನನ್ನು ಕಂಡಾಗ ಅಂಬಾ ಎನ್ನುತ್ತಿದ್ದರು ಎಂದರು. ಅವರ ಕುಟುಂಬದವರು ಒಮ್ಮೆ ದೇಶದ ಪಿಂಡರುಗಳನ್ನೆಲ್ಲ ಒಂದು ಸಭಾಂಗಣಕ್ಕೆ ಕರೆದಿದ್ದರಂತೆ. ಹಲ್ಲಿನ ಡಾಕ್ಟರರು, ಬಸ್ ಕಂಡಕ್ಟರು, ಪಾದ್ರಿ, ವಿಗ್ಗು ಮಾಡುವವರು, ಎಲ್ಲರೂ ಬಂದಿದ್ದರು. ದನ ಸಾಕಿದವರು ಒಬ್ಬರೂ ಇರಲಿಲ್ಲ. ಹಲ್ಲಿನ ಡಾಕ್ಟರರು ನಮ್ಮ ಮೂಲಪುರುಷ ಫ್ರಾನ್ಸಿನಿಂದ ಬಂದ ಕುದುರೆ ಸರದಾರ ಎಂದು ಭಾಷಣ ಮಾಡಿದರು. ನಿವೃತ್ತ ಮಾಸ್ತರರೊಬ್ಬರು ಎದ್ದು, ಅಲ್ಲ, ಹಂದಿ ಹಿಡಿಯುವವ ಎಂದರು. ಊಟಕ್ಕೆ ಮೊದಲೇ ಸಭೆ ಎರಡು ಹೋಳಾಯಿತು. ಆಮೇಲೆ ಅವರು ಸೇರಲೇ ಇಲ್ಲ. ನಮ್ಮ ಕುಟುಂಬದ ಮನೆಯಲ್ಲೂ ದೈವಗಳಿಗೆ ತಂಬಿಲ ಸೇವೆ ಕೊಡುವ ದಿನ ದೀಪ ಮೊದಲು ಯಾರು ಹಚ್ಚುವುದು ಎಂದು ಹೀಗೆಯೇ ಆಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. ಆದರೆ ಅವರು ಎದ್ದು ಹೋದ ರೀತಿ ನೋಡಿ ನನಗೆ ಪಿಚ್ಚೆನಿಸಿತು.

ಗುರುವಾರ, ಪೈಪಿನ ಅಂಗಳ

ನಾವು ಹೊರಡಲು ಒಂದೇ ವಾರ ಉಳಿದಿತ್ತು. ಗುರುವಾರ ಅರ್ಧ ದಿನ ಕೆಲಸ. ಹಮೀದ್ ಪೈಪಿನ ಅಂಗಳದವರಿಗೆ ಊಟ ತಂದಿದ್ದ. ಸಾಹೇಬರು ಬೀಗ ತೆಗೆದು ಒಳಗೆ ಬಿಟ್ಟಿದ್ದರು. ಅಷ್ಟರಲ್ಲಿ ಆಫೀಸಿಗೆ ಊರಿನಿಂದ ಟ್ರಂಕ್ ಕಾಲ್ ಬಂದಿದೆ ಎಂದು ಯಾರೋ ಕೂಗಿದರು. ಹಮೀದ್ ಓಡಿದ. ಜುಬೇದಾಳ ನಿಕಾಹಿನ ದಿನ ಗಟ್ಟಿಯಾಯಿತು ಎಂದು ಕೇಳಿಸಿಕೊಂಡು, ಕುಣಿಯುತ್ತಾ ಹಿಂದೆ ಬಂದರೆ, ಅವನು ತೆರೆದೇ ಬಿಟ್ಟ ಗೇಟಿನಿಂದ ಒಂದು ಹೆಣ್ಣೊಂಟೆ ಒಳಗೆ ಬಂದು, ಪೈಪುಗಳ ನಡುವೆ ನಿಂತು, ಸಾಹೇಬರ ಹುಲ್ಲಿನ ಟೋಪಿಯನ್ನು ನಿಧಾನವಾಗಿ ತಿನ್ನುತ್ತಿತ್ತು.

ಕೂಗಾಟ ಕೇಳಿ ನಾನೂ ಬೇಲಿಯ ಹತ್ತಿರ ಓಡಿದೆ. ಒಂಟೆಯನ್ನು ಓಡಿಸೋಣವೆಂದರೆ ಹೊರಗೆ ಹೆದ್ದಾರಿ. ಲಾರಿಗೆ ಸಿಕ್ಕರೆ ಒಂಟೆಯೂ ಹೋಯಿತು, ಲಾರಿಯವನೂ ಹೋದ. ಕ್ಯಾಂಪಿನ ಆಡಳಿತ ನೋಡುವ ಮುದೀರ್, ಅಂದರೆ ಮೇನೇಜರು, ಬಂದು ಬೆವರು ಒರೆಸಿಕೊಂಡ. ಈ ಕಡೆಯ ಮರಳುಗಾಡಿನ ಬದುವಿ ಜನರಿಗೆ ಒಂಟೆ ಎಂದರೆ ಮನೆಮಗಳು, ಅದಕ್ಕೆ ಏನಾದರೂ ಆದರೆ ಕಂಪೆನಿಗೆ ಇಲ್ಲಿ ನೀರೂ ಸಿಗಲಿಕ್ಕಿಲ್ಲ ಎಂದ. ಕೊನೆಗೆ ತೀರ್ಮಾನ ಕೊಟ್ಟ: ಒಡೆಯ ಬರುವವರೆಗೆ ಒಂಟೆ ಅಂಗಳದಲ್ಲೇ ಇರಲಿ, ಸಾಹೇಬರು ಬೀಗ ಹಾಕಲಿ. ಒಡೆಯ ದೂರು ಹೇಳದೆ ಹೋದರೆ ಹಮೀದನ ಪಾಸ್‌ಪೋರ್ಟಿಗೆ ಠಸ್ಸೆ. ದೂರು ಹೇಳಿದರೆ ಗೇಟು ತೆರೆದಿಟ್ಟವನಿಗೆ ಈ ವರ್ಷ ರಜೆಯಿಲ್ಲ.

ಹಮೀದ್ ನನ್ನ ಹತ್ತಿರ ಬಂದ. "ಅಕ್ಕ, ಇದಕ್ಕೊಂದು ಎಂತಾದ್ರೂ ಆದ್ರೆ ಅಲ್ಲಿ ನನ್ನ ತಂಗಿಯ ಮದುವೆಗೆ ಕೂತ್ಕೊಳ್ಳುವವರು ಯಾರು?" ಎಂದ.

ಪಿಂಡರ್ ಸಾಹೇಬರು ಅರ್ಧ ತಿಂದ ಟೋಪಿಯನ್ನು ಎತ್ತಿಕೊಂಡರು. ನನ್ನ ಕಡೆ ಒಂದು ಸಲ ನೋಡಿದರು. ನಾನು ನಗಲಿಲ್ಲ, ದೇವರಾಣೆ ನಗಲಿಲ್ಲ. ಅವರು ಹೋಗಿ ಗೇಟಿಗೆ ಬೀಗ ಹಾಕಿದರು.

ಶುಕ್ರವಾರ

ಒಂಟೆ ಅನ್ನ ನೀರು ಬಿಟ್ಟಿತು. ಪೇಟೆಯಿಂದ ತಂದ ಹಸಿಹುಲ್ಲಿಗೆ ಮೂತಿ ತಿರುಗಿಸಿತು. ಖರ್ಜೂರ ಉಗುಳಿತು. ಕ್ಯಾಂಪಿನ ತೊಟ್ಟಿಯ ನೀರಿಗೆ ಔಷಧಿ ವಾಸನೆ, ಅದನ್ನು ಮೂಸಿ ನಮ್ಮೆಲ್ಲರ ಕಡೆ ತಿರಸ್ಕಾರದಿಂದ ನೋಡಿತು. ಆಗಾಗ ಹೊಟ್ಟೆಯ ಆಳದಿಂದ ಗೊಳೋ ಎನ್ನುತ್ತಿತ್ತು. ಬಿರಿಯಾನಿ ಕೊಡಿ ಎಂದ ಒಬ್ಬ, ಉಪ್ಪು ಕೊಡಿ ಎಂದ ಇನ್ನೊಬ್ಬ. ಕರಾವಳಿಯವರಿಗೆ ಒಂಟೆಯ ವಿಷಯ ಎಷ್ಟು ಗೊತ್ತಿರುತ್ತದೆ! ನಮ್ಮವರು ಅದರ ಎತ್ತರ ಅಳೆಯಬಹುದು ಎಂದರು, ನಕ್ಷೆ ಬರೆಯುವವರ ಬುದ್ಧಿ.

ಸಾಹೇಬರಿಗೆ ಪ್ರಾಣಿಗಳೆಂದರೆ ಹೆದರಿಕೆ. ಆದರೂ ಕುರ್ಚಿ ಹಾಕಿಕೊಂಡು ದೂರದಲ್ಲಿ ಕೂತೇ ಇದ್ದರು. ಬಿಸಿಲು ಹೊರಳಿದಾಗ ಎದ್ದು ಎರಡು ಪೈಪುಗಳ ಮೇಲೆ ಟಾರ್ಪಾಲು ಕಟ್ಟಿ ಒಂಟೆಗೆ ನೆರಳು ಮಾಡಿದರು. ನಾನು ಅಂಗಳದೊಳಗೆ ಹೋಗಿ ಕೇಳಿದೆ: ಕೂಡಿಹಾಕಿದ ಪ್ರಾಣಿಗೆ ನಿಮ್ಮ ಹಿರಿಯರು ಏನು ಮಾಡುತ್ತಿದ್ದರು? ಸಭೆಯಲ್ಲಿ ಆ ಜಗಳಗಂಟ ಮಾಸ್ತರರು ಹೇಳಿದ್ದು ಒಂದೇ ಮಾತು ನೆನಪಿದೆ ಎಂದರು. ದಂಡದ ಮಾತು ಆಮೇಲೆ, ಮೊದಲು ಹೊಟ್ಟೆಗೆ.

ನನಗೆ ಅಮ್ಮ ನೆನಪಾದಳು. ನೆರೆಮನೆಯ ದನ ನಮ್ಮ ಬಸಳೆ ಚಪ್ಪರಕ್ಕೆ ನುಗ್ಗಿದರೆ ಅಮ್ಮ ಅದನ್ನು ಕಟ್ಟಿಹಾಕಿ, ಮೊದಲು ಒಂದು ಬಾಲ್ದಿ ಅಕ್ಕಚ್ಚು ಕೊಟ್ಟು, ಆಮೇಲೆಯೇ ಬೇಲಿಯ ಹತ್ತಿರ ಹೋಗಿ ಜಗಳ ಶುರು ಮಾಡುತ್ತಿದ್ದಳು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಗಂಜಿತಿಳಿ, ಎಲ್ಲ ಸೇರಿದ ಅಕ್ಕಚ್ಚಿಗೆ ಬೇಡ ಎಂದ ದನವನ್ನು ನಾನು ಕಂಡಿಲ್ಲ. ಮನೆಗೆ ಹೋಗಿ ಕುಚ್ಚಲಕ್ಕಿ ತೊಳೆದೆ, ನಮ್ಮವರ ರಾತ್ರಿಯ ಗಂಜಿಯ ತಿಳಿಯನ್ನೂ ಬಗ್ಗಿಸಿದೆ, ಒಂದು ಹಿಡಿ ಉಪ್ಪು ಹಾಕಿದೆ. ಹಮೀದ್ ಬಾಲ್ದಿ ಹಿಡಿದು ಬಿಸ್ಮಿಲ್ಲಾ ಎಂದ. ನಾನು ಮನಸ್ಸಿನಲ್ಲೇ ಕಟೀಲಿನ ದೇವಿಯನ್ನು ನೆನೆದೆ. ಸಾಹೇಬರು ಯಾರನ್ನು ನೆನೆದರೋ ಗೊತ್ತಿಲ್ಲ, ಕಣ್ಣು ಮುಚ್ಚಿದ್ದರು.

ಒಂಟೆ ಮೂಸಿತು. ಮೂತಿ ಇಳಿಸಿತು. ಬಾಲ್ದಿಯ ತಳ ಕಾಣುವವರೆಗೆ ತಲೆ ಎತ್ತಲಿಲ್ಲ.

ಅಲ್ಲಿಂದ ಮುಂದೆ ಕ್ಯಾಂಪಿನಲ್ಲಿ ಅಕ್ಕಿ ತೊಳೆದ ನೀರು ಮೋರಿಗೆ ಹೋಗಲಿಲ್ಲ. ಮಲೆಯಾಳಿಗಳ ಮೆಸ್ಸು, ಫಿಲಿಪೈನ್ಸಿನವರ ಮೆಸ್ಸು, ಎಲ್ಲ ಕಡೆಯಿಂದ ಹಮೀದ್ ವ್ಯಾನಿನಲ್ಲಿ ಬಾಲ್ದಿಗಳನ್ನು ತುಳುಕಿಸಿಕೊಂಡು ತಂದ. ಎರಡು ವರ್ಷದ ಮೇಲೆ ಹೆಂಡತಿ ಬಂದಳೆಂದು ಖುಷಿಪಟ್ಟರೆ ಅವಳು ಒಂಟೆಯ ಪಾಲಾದಳಲ್ಲ ಎಂದು ನಮ್ಮವರು ಗೊಣಗಿದರು. ಸಾಹೇಬರ ಕುರ್ಚಿ ದಿನಕ್ಕಿಷ್ಟು ಹತ್ತಿರ ಬಂತು. ಭಾನುವಾರದ ಹೊತ್ತಿಗೆ ಅವರು ಅದರ ಕಣ್ಣಿನ ಸುತ್ತಲಿನ ನೊಣ ಓಡಿಸುತ್ತಾ ಯಾರ್ಕ್‌ಷೈರಿನ ಮಳೆಯ ಬಗ್ಗೆ ಹೇಳುತ್ತಿದ್ದರು. ಒಂಟೆ ಮೆಲುಕು ಹಾಕುತ್ತಾ ಕೇಳುತ್ತಿತ್ತು.

ಒಡೆಯನನ್ನು ಹುಡುಕಿದ್ದು ಹಮೀದ್. ಒಂಟೆಯ ಕುತ್ತಿಗೆಯಲ್ಲಿ ಕಾಯಿಸಿದ ಕಬ್ಬಿಣದಿಂದ ಹಾಕಿದ ಬರೆ ಇತ್ತು, ಎರಡು ಗೀಟು, ಕೆಳಗೊಂದು ಸೊನ್ನೆ. ಇಲ್ಲಿ ಪ್ರತಿ ಕುಲಕ್ಕೂ ಬೇರೆ ಬರೆಯಂತೆ. ಒಂಟೆಗೂ ಮನೆತನದ ಹೆಸರು! ಹಮೀದ್ ಅದನ್ನು ಪೆಟ್ರೋಲ್ ಬಂಕಿನ ಚಾದ ಅಂಗಡಿಯ ಮುಂದೆ ಮರಳಿನಲ್ಲಿ ಬರೆದು ಕಂಡಕಂಡವರಿಗೆ ತೋರಿಸಿದ. ನೀರಿನ ಟ್ಯಾಂಕರಿನವನೊಬ್ಬ ಗುರುತು ಹಿಡಿದು, ಸುದ್ದಿ ಮುಟ್ಟಿಸುತ್ತೇನೆ ಎಂದು ಬೆಟ್ಟದ ಕಡೆ ಹೋದ.

ಮಂಗಳವಾರ

ಒಡೆಯ ಬಂದದ್ದು ಮಂಗಳವಾರ, ಒಂದು ಹಳೆಯ ಪಿಕಪ್ಪಿನಲ್ಲಿ. ನಮ್ಮ ವಿಮಾನ ಗುರುವಾರ. ಮುದುಕ, ಕಡ್ಡಿಯ ಹಾಗೆ ಒಣಗಿದ್ದ, ಗಡ್ಡಕ್ಕೆ ಮದರಂಗಿ. ಬರುತ್ತಲೇ ಕೈ ಎತ್ತಿ ಕೂಗಾಡಿದ. ಮುದೀರ್ ನಡುವೆ ಬಾಯಿ ಹಾಕಲು ನೋಡಿ ಸುಮ್ಮನಾದ. ಬುರ್ಖಾ ಹೊದ್ದುಕೊಂಡು ನಾನು ಬೇಲಿಯ ಹೊರಗೆ ನಿಂತಿದ್ದೆ.

ಮುದುಕ ಒಂಟೆಯ ಸುತ್ತ ಬಂದ. ಬಾಯಿ ತೆರೆಸಿ ನೋಡಿದ, ಕಾಲು ಎತ್ತಿಸಿದ, ಹೊಟ್ಟೆ ಸವರಿದ. ಎಳೆದುಕೊಂಡು ಹೊರಟರೆ ಅದು ಬರಲೊಲ್ಲದು. ಬಾಲ್ದಿಯ ಹತ್ತಿರ ಹೋಗಿ ನಿಂತಿತು. ಮುದುಕನ ಕಣ್ಣು ಕಿರಿದಾಯಿತು. ಇದಕ್ಕೆ ಏನು ಹಾಕಿದ್ದೀರಿ ಎಂದು ಗದರಿಸಿ, ಬಾಲ್ದಿಗೆ ಬೆರಳು ಅದ್ದಿ ನೆಕ್ಕಿದ. ಮುದುಕ ಇನ್ನೊಂದು ಸಲ ಅದ್ದಿ ನೆಕ್ಕಿದ. ಆಮೇಲೆ ಟಾರ್ಪಾಲು ನೋಡಿದ, ಸಾಹೇಬರ ಕುರ್ಚಿ ನೋಡಿದ, ಸಾಹೇಬರನ್ನು ನೋಡಿದ. ಇವನು ಯಾರ ಮಗ, ಯಾವ ಕಬೀಲದವನು, ಅಂದರೆ ಯಾವ ಕುಲದವನು ಎಂದು ಹಮೀದನನ್ನು ಕೇಳಿದ.

ನೋಡಿ, ಇಷ್ಟು ದೂರ ಹೋದರೂ ಅದೇ ಪ್ರಶ್ನೆ. ನಮ್ಮವರ ಕಡೆ ತಿರುಗಿ, ಕೇಳಿದಿರಾ ಎಂದು ನಾನು ಹುಬ್ಬು ಹಾರಿಸಿದೆ.

ಹಮೀದ್ ನನ್ನಿಂದ ಕೇಳಿ ತಿಳಿದಿದ್ದ ಎಲ್ಲವನ್ನೂ ತನಗೆ ಬರುವ ಅರಬ್ಬಿಯಲ್ಲಿ ಹೇಳಿದ. ಇವರ ಕುಲದ ಹೆಸರೇ ಪಿಂಡರ್. ಅಜ್ಜನ ಅಜ್ಜನ ಕಾಲದಿಂದ ದಾರಿ ತಪ್ಪಿದ ಪ್ರಾಣಿಗಳನ್ನು ಕೂಡಿಹಾಕಿ, ಒಡೆಯ ಬರುವವರೆಗೆ ಕಾಯುವುದು ಇವರ ಮನೆಯ ಕೆಲಸ. ತನ್ನ ಹೆಸರು ಬಂದದ್ದು ಕೇಳಿಸಿ ಸಾಹೇಬರ ಕಿವಿ ಮತ್ತೆ ಕೆಂಪಾಗತೊಡಗಿತು. ಎಲ್ಲಿ ಅಂಬಾ ಎನ್ನುತ್ತಾರೋ ಎಂದು ಕಾದು ನಿಂತ ಹುಡುಗನ ಮುಖ ಅದು. ನನಗೆ ನೋಡಲಾಗಲಿಲ್ಲ.

ಮುದುಕ ನಗಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡ. ಸಾಹೇಬರ ಹತ್ತಿರ ಹೋಗಿ ಅವರ ಭುಜಕ್ಕೆ ಮುತ್ತಿಟ್ಟ. ಏನೋ ಹೇಳಿದ, ಹೇಳಿ ಹಮೀದನ ಕಡೆ ಬೆರಳು ಮಾಡಿ, ಇವನಿಗೆ ತಿಳಿಸು ಎಂದ.

ಹಮೀದ್ ಸಾಹೇಬರ ಕಡೆ ತಿರುಗಿದ. "ಸರ್, ಅವರು ಹೇಳುವುದು, ನಿಮ್ಮದು ದೊಡ್ಡ ಮನೆತನ. ಮರಳಿನಲ್ಲಿ ಕಳೆದುಹೋದದ್ದನ್ನು ತಿಂದು ಹಾಕುವವರು ಬೇಕಾದಷ್ಟು ಜನ ಉಂಟು, ಕಾದು ಕೊಡುವವರು ಇಲ್ಲ. ಇಂಥ ಹೆಸರು ಅವರ ಕುಲಕ್ಕೆ ಸಿಗಲಿಲ್ಲ ಅಂತ ಅವರಿಗೆ ಬೇಜಾರಂತೆ." ಇದನ್ನು ಅವನು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು. ನಾನು ಇಲ್ಲಿ ಅವನ ಕನ್ನಡದಲ್ಲಿ ಬರೆದಿದ್ದೇನೆ, ಯಾಕೆಂದರೆ ಆಮೇಲೆ ಅವನು ನನಗೆ ಅದನ್ನು ಹತ್ತು ಸಲ ಕನ್ನಡದಲ್ಲಿ ಹೇಳಿದ.

ಸಾಹೇಬರು ಸೊಂಟದಿಂದ ಬೀಗದ ಕೈ ತೆಗೆದು, ಯಾರ ರುಜುವೂ ಇಲ್ಲದೆ, ಗೇಟನ್ನು ಪೂರ್ತಿ ತೆರೆದರು. ಒಂಟೆಯನ್ನು ಪಿಕಪ್ಪಿಗೆ ಹತ್ತಿಸಲು ಕೊನೆಗೆ ಬಾಲ್ದಿಯನ್ನೂ ಜೊತೆಗೆ ಹಾಕಿ ಕಳಿಸಬೇಕಾಯಿತು. ಅದು ನನ್ನ ಬಟ್ಟೆ ಒಗೆಯುವ ಬಾಲ್ದಿ. ದೂರಿನ ಮಾತು ಯಾರೂ ಎತ್ತಲಿಲ್ಲ. ಮುದೀರ್ ತಾನೇ ಹೋಗಿ ಕಪಾಟು ತೆರೆದ.

ಬುಧವಾರ ನಾನು ಪೆಟ್ಟಿಗೆ ಕಟ್ಟುತ್ತಿದ್ದಾಗ ಪೈಪಿನ ಅಂಗಳದ ಗೇಟಿಗೆ ಯಾರೋ ದಾರಿ ತಪ್ಪಿದ ಎರಡು ಆಡು ಕಟ್ಟಿ ಹೋಗಿದ್ದರು. ಮಧ್ಯಾಹ್ನ ಒಬ್ಬ, ಕಳೆದುಹೋದ ಕತ್ತೆ ಇಲ್ಲಿಗೆ ಬಂದಿದೆಯೇ ಎಂದು ಕೇಳಿಕೊಂಡು ಬಂದ. ಸುದ್ದಿ ಮುದುಕನಿಗಿಂತ ಬೇಗ ಬೆಟ್ಟ ಹತ್ತಿತ್ತು. ಮುದೀರ್ ತಲೆಗೆ ಕೈ ಹೊತ್ತಿದ್ದ. ಸಾಹೇಬರು ಆಡುಗಳಿಗೆ ನೀರಿಡುತ್ತಾ, ಕ್ಯಾಂಪಿಗೆ ಬಂದಮೇಲೆ ಮೊದಲ ಸಲ, ಸಿಳ್ಳೆ ಹಾಕುತ್ತಿದ್ದರು.

ಬಂಟ್ವಾಳ

ಹೊರಡುವಾಗ ಪಿಂಡರ್ ಸಾಹೇಬರು ಜುಬೇದಾಳಿಗೆಂದು ಒಂದು ಚಾಕಲೇಟಿನ ಡಬ್ಬ ಕೊಟ್ಟಿದ್ದರು. ನಮ್ಮವರು ವಿಮಾನ ನಿಲ್ದಾಣದ ಗಾಜಿನ ಆಚೆ ನಿಂತು, ಗಂಜಿತಿಳಿ ಇನ್ನು ನನಗೇ ಸಿಗುತ್ತದೆ ಎಂದು ಸನ್ನೆ ಮಾಡಿ ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ಹಮೀದ್ ತಂದೆಯ ಜಾಗದಲ್ಲಿ ಕೂತು ತಂಗಿಯ ನಿಕಾಹ್ ಮಾಡಿಕೊಟ್ಟ. ಗಂಡಸರ ಕಡೆಯಿಂದ ಆಮೀನ್ ಕೇಳಿಬಂದಾಗ ಒಳಗೆ ಅವನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಊಟವಾದ ಮೇಲೆ ಹೆಂಗಸರೆಲ್ಲ ನನ್ನ ಸುತ್ತ ಕೂತರು. ಚಾಕಲೇಟು ಕಳಿಸಿದ ದೊರೆ ಯಾವ ಮನೆಯವರು ಎಂದು ಕೇಳಿದರು. ನಾನು ಒಂಟೆಯ ಕಥೆಯನ್ನೆಲ್ಲ ಹೇಳಿದೆ. ದೊಡ್ಡಿಯವರು ಎಂದಾಗ, ನಾನು ರಾಬಿಗ್‌ನಲ್ಲಿ ನಕ್ಕಂತೆಯೇ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಮೀದನ ತಾಯಿ ಮಾತ್ರ ನಗದೆ ಕೇಳುತ್ತಿದ್ದರು. "ಹಾಗಾದ್ರೆ ನಮ್ಮ ಹಮೀದನನ್ನು ಬಿಡಿಸಿ ಕಳಿಸಿದ್ದು ಅವರೇ ಅಲ್ವಾ ಟೀಚರೇ," ಎಂದರು.

ಹೌದು ಎಂದೆ.

ಅವರು ಡಬ್ಬದ ಮುಚ್ಚಳವನ್ನು ಒರೆಸುತ್ತಾ ಕೇಳಿದರು. "ಅವರನ್ನು ಬಿಡಿಸ್ಲಿಕ್ಕೆ ಯಾರು ಬರ್ತಾರೆ?"

ಸಾಹೇಬರ ಮನೆ ಯಾವುದು, ಹೆಸರು ಹೇಗೆ ಬಂತು, ಅಜ್ಜನ ಅಜ್ಜ ಏನು ಮಾಡುತ್ತಿದ್ದ, ಎಲ್ಲವನ್ನೂ ನಾನು ಕೇಳಿಕೊಂಡು ಬಂದಿದ್ದೆ. ಅದೊಂದನ್ನು ಕೇಳಿರಲಿಲ್ಲ. ಅಲ್ಲೇ ಉಳಿದ ನಮ್ಮವರನ್ನೂ ಕೇಳಿರಲಿಲ್ಲ, ನಿಮ್ಮನ್ನು ಬಿಡಿಸಲಿಕ್ಕೆ ಯಾರು ಬರುತ್ತಾರೆ ಎಂದು.